ಕೋಟೆಗೆ ಪುಟ್ಟ ಸೈನಿಕರು ಬೇಕು

ಮಾನ್ಯ ಸಂಪಾದಕರೇ,

ನವೆಂಬರ್ 11ಕ್ಕೆ ಒನಕೆ ಓಬವ್ವ ಜಯಂತಿ. ನಮ್ಮ ದುರ್ಗದಲ್ಲಿ ಅವತ್ತು ಮೆರವಣಿಗೆ, ಭಾಷಣ, ಹಾರ ಎಲ್ಲ ಇರುತ್ತದೆ. ಇರಲಿ, ಬೇಕು. ಅದರ ಜೊತೆಗೆ ಇನ್ನೊಂದು ಕೆಲಸ ಶುರುವಾಗಲಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯದಲ್ಲಿ ಒಂದು ಮೂಲೆ ಕೊಟ್ಟು, ಹೈದರಾಲಿಯ ಮುತ್ತಿಗೆಯನ್ನು ಪುಟ್ಟ ಸೈನಿಕರ ಗೊಂಬೆಗಳಲ್ಲಿ ತೋರಿಸಬೇಕು. ಬೆರಳುದ್ದದ ಗೊಂಬೆಗಳು ಸಾಕು. ಕೋಟೆ, ಕಿಂಡಿ, ಹೈದರನ ದಂಡು, ಮದಕರಿ ನಾಯಕರ ಕಡೆಯವರು, ನೀರು ಹೊರುವ ಹೆಂಗಸರು, ಕಹಳೆ ಊದುವವರು, ಎಲ್ಲರೂ ಅಲ್ಲಿರಬೇಕು.

ನಾನು ಬೋರ್ಡ್ ಬರೆಯುವವನು. ಬಿ.ಡಿ. ರಸ್ತೆ, ಲಕ್ಷ್ಮಿ ಬಜಾರ್, ಸಂತೆಪೇಟೆ ಕಡೆ ಹಳೆಯ ಅಂಗಡಿಗಳ ಹಣೆಯ ಮೇಲೆ ನನ್ನ ಅಕ್ಷರ ಇನ್ನೂ ಅಲ್ಲಲ್ಲಿ ಉಳಿದಿದೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿಯಾಯಿತು. ಆದರೆ ಬ್ರಷ್ ಕೈ ಬಿಡಲಿಲ್ಲ. ಹಳೆಯ ಸೀಸದ ಸೈನಿಕರನ್ನು ಸಂಗ್ರಹಿಸುವುದು ನನ್ನ ಬಹಳ ಕಾಲದ ಹುಚ್ಚು. ಬೆಂಗಳೂರಿನ ಸಂಡೆ ಬಜಾರಿನಲ್ಲಿ ಕೆಲವು ಸಿಕ್ಕವು, ದಾವಣಗೆರೆಯ ಗುಜರಿಯಲ್ಲಿ ತೂಕಕ್ಕೆ ಹಾಕಿದ್ದವನ್ನು ಕೆಲವು ಎತ್ತಿಕೊಂಡು ಬಂದೆ.

ಇದನ್ನು ಬರೆಯುವಾಗ ಅದರಲ್ಲೊಬ್ಬ ಸವಾರ ನನ್ನ ಮೇಜಿನ ಮೇಲಿದ್ದಾನೆ. ಕುದುರೆಯನ್ನು ಮಗುಚಿದರೆ ಹೊಟ್ಟೆಯ ಕೆಳಗೆ ಉಬ್ಬಿದ ಅಕ್ಷರಗಳಲ್ಲಿ ಕಂಪನಿಯ ಹೆಸರು. ಸವಾರನ ಕಣ್ಣು ಒಂದು ಕಪ್ಪು ಚುಕ್ಕೆ. ಕೆನ್ನೆ ಒಂದು ಗುಲಾಬಿ ಚುಕ್ಕೆ. ಮೀಸೆ ಒಂದೇ ಗೀಟು, ಬ್ರಷ್ ಎತ್ತಿದ ಕಡೆ ಕೂದಲೆಳೆಯಷ್ಟು ಸಣ್ಣಗಾಗಿದೆ. ಎರಡನೇ ಸಲ ತಿದ್ದಿಲ್ಲ. ದಿನಾ ನೂರಾರು ಮುಖಕ್ಕೆ ಬಣ್ಣ ಹಚ್ಚಿದ ಕೈಗೆ ಮಾತ್ರ ಆ ಗೀಟು ಬರುತ್ತದೆ. ಆ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಬಣ್ಣ ಹಚ್ಚುತ್ತಿದ್ದರು. ಅವರಲ್ಲಿ ಯಾರೋ ಒಬ್ಬಳ ಕೈ ಇದು.

ಕಂಪನಿ ಲಂಡನ್ನಿನ ಬ್ರಿಟನ್ಸ್. 1893ಕ್ಕೂ ಮೊದಲು ಸೀಸದ ಸೈನಿಕರ ವ್ಯಾಪಾರದಲ್ಲಿ ಜರ್ಮನಿಯವರದ್ದೇ ಕಾರುಬಾರು. ಅವರದ್ದು ಗಟ್ಟಿ ಗೊಂಬೆ, ಭಾರ, ಬೆಲೆಯೂ ಜಾಸ್ತಿ. ಆ ಕಂಪನಿಯ ಬ್ರಿಟನ್ ಮನೆತನದವರು ಆ ವರ್ಷ ಬೇರೆ ದಾರಿ ಹಿಡಿದರು. ಕಾದ ಸೀಸವನ್ನು ಅಚ್ಚಿಗೆ ಹೊಯ್ಯುವುದು, ಕೂಡಲೇ ಅಚ್ಚನ್ನು ಅಲ್ಲಾಡಿಸುವುದು, ಹೊರಗಿನ ಪದರ ಗಟ್ಟಿಯಾಗುತ್ತಿದ್ದ ಹಾಗೆ ಒಳಗಿನ ಸೀಸವನ್ನು ವಾಪಸ್ ಸುರಿದುಬಿಡುವುದು. ಒಳಗೆ ಟೊಳ್ಳು. ಸೀಸ ಉಳಿಯಿತು, ಬೆಲೆ ಇಳಿಯಿತು, ಮಧ್ಯಮ ವರ್ಗದ ಮಕ್ಕಳ ಕೈಗೂ ಸೈನಿಕರ ಕೆಂಪು ಪೆಟ್ಟಿಗೆ ಬಂತು. ಎತ್ತರ 54 ಮಿಲಿಮೀಟರ್. ಇಂದಿಗೂ ಸಂಗ್ರಹಕಾರರು ಆ ಅಳತೆಯನ್ನೇ ಹಿಡಿದಿದ್ದಾರೆ. 1966ರಲ್ಲಿ ಸೀಸದ ಗೊಂಬೆ ನಿಂತಿತು, ಪ್ಲಾಸ್ಟಿಕ್ ಉಳಿಯಿತು.

ಈಗ ನಮ್ಮ ಸಂತೆಪೇಟೆಯ ಅಂಗಡಿಗೆ ಹೋಗಿ ಸೈನಿಕರ ಗೊಂಬೆ ಕೇಳಿ. ಹಸಿರು ಪ್ಲಾಸ್ಟಿಕ್ಕಿನ ಒಂದು ಪೊಟ್ಟಣ ಕೊಡುತ್ತಾರೆ. ತಲೆಗೆ ಹೆಲ್ಮೆಟ್, ಕೈಯಲ್ಲಿ ರೈಫಲ್, ಎರಡನೇ ಮಹಾಯುದ್ಧದ ಅಮೆರಿಕದ ಸೈನಿಕ. ಏಳು ಸುತ್ತಿನ ಕೋಟೆಯ ಊರಿನ ಮಗು ಮನೆಯ ಮುಂದೆ ಕೂತು ಆಡುವುದು ಅವನ ಜೊತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮವನೂ ಪಕ್ಕದಲ್ಲಿ ಇರಬೇಕಲ್ವಾ?

ಕೋಟೆಗೆ ಬಂದ ಶಾಲೆ ಮಕ್ಕಳನ್ನು ಗಮನಿಸಿ. ಬಾಗಿಲು ದಾಟುತ್ತಾರೆ, ದಾರಿ ಎಡಕ್ಕೆ ಬಲಕ್ಕೆ ತಿರುಗುತ್ತದೆ, ಮತ್ತೆ ಬಾಗಿಲು. ಅವರಿಗೆ ಅದು ಬರೀ ತಿರುವು. ನುಗ್ಗಿ ಬಂದ ದಂಡು ಆ ತಿರುವಿನಲ್ಲಿ ಸಿಕ್ಕಿಕೊಂಡು, ಎರಡೂ ಕಡೆ ಗೋಡೆಯ ಮೇಲಿನಿಂದ ಏಟು ತಿನ್ನುತ್ತಿತ್ತು ಎಂದು ಗೈಡ್ ಎಷ್ಟು ಹೇಳಿದರೂ ಬಿಸಿಲಲ್ಲಿ ನಿಂತ ಮಗುವಿಗೆ ಅದು ಕಾಣುವುದಿಲ್ಲ. ಅದೇ ತಿರುವನ್ನು ಒಂದು ಮೇಜಿನ ಮೇಲೆ ಮಾಡಿ, ಒಳಗೆ ಇಪ್ಪತ್ತು ಪುಟ್ಟ ಸೈನಿಕರನ್ನು ಒಬ್ಬರ ಬೆನ್ನಿಗೆ ಒಬ್ಬರು ತಾಗುವ ಹಾಗೆ ನಿಲ್ಲಿಸಿ, ಗೋಡೆಯ ಮೇಲೆ ಐದೇ ಜನರನ್ನು ಇಡಿ. ಬಾಯಿ ಬಿಟ್ಟು ಹೇಳುವುದೇ ಬೇಡ. ಕಲ್ಲಿಗೆ ಅಳತೆ ಕೊಡುವವನು ಮನುಷ್ಯ. ಮನುಷ್ಯ ಇಲ್ಲದ ಕೋಟೆಯಲ್ಲಿ ಗೋಡೆ ಎಷ್ಟು ಎತ್ತರ, ಕಿಂಡಿ ಎಷ್ಟು ಕಿರಿದು ಎಂಬುದು ಮನಸ್ಸಿಗೆ ಇಳಿಯುವುದಿಲ್ಲ.

ಇನ್ನೊಂದು ಲಾಭ ಇದೆ, ನನಗೆ ಅದೇ ದೊಡ್ಡದು. ಗೊಂಬೆ ಮಾಡಲು ಕೂತರೆ ಸುಮ್ನೆ ಬಿಡುವ ಹಾಗಿಲ್ಲ. ಭಾಷಣದಲ್ಲಿ "ವೀರ ಸೈನಿಕರು ಹೋರಾಡಿದರು" ಎಂದರೆ ಮುಗಿಯಿತು. ಗೊಂಬೆಗೆ ಕಾಲು ಬೇಕು. ಕಾಲಿಗೆ ಚಪ್ಪಲಿ ಇತ್ತೋ, ಬರಿಗಾಲೋ? ಕತ್ತಿ ಯಾವ ಸೊಂಟಕ್ಕೆ? ಕೋವಿಯ ಬತ್ತಿ ಯಾವ ಕೈಯಲ್ಲಿ? ಕೋಟೆಯೊಳಗೆ ಕೋವಿಮದ್ದು ಅರೆಯುವ ದೊಡ್ಡ ಬೀಸುಕಲ್ಲುಗಳಿವೆ, ನೀವೂ ನೋಡಿರುತ್ತೀರಿ. ಅದರ ಸುತ್ತ ಗೊಂಬೆ ಇಡಬೇಕಾದರೆ ಅದನ್ನು ತಿರುಗಿಸಿದ್ದು ಆಳೋ, ದನವೋ, ಆನೆಯೋ ಎಂದು ತಿಳಿದವರು ಕೂತು ತೀರ್ಮಾನಿಸಲೇಬೇಕು. ಬಣ್ಣದ ಡಬ್ಬಿ ತೆಗೆಯುವ ಮೊದಲೇ ಅರ್ಧ ಇತಿಹಾಸ ಓದಿಯಾಗಿರುತ್ತದೆ.

ಇಂಗ್ಲೆಂಡಿನ ವಿಲಿಯಂ ಸೈಬೋರ್ನ್ ಎಂಬ ಸೈನ್ಯಾಧಿಕಾರಿ ಹೀಗೇ ಮಾಡಿದ. 1815ರ ವಾಟರ್ಲೂ ಯುದ್ಧದ ಮಾದರಿ ಮಾಡಲು 1830ರಲ್ಲಿ ಅವನಿಗೆ ಹೇಳಿದರು. ಅವನು ಯುದ್ಧ ನಡೆದ ಜಾಗದಲ್ಲೇ ತಿಂಗಳುಗಟ್ಟಲೆ ಉಳಿದು ನೆಲ ಅಳೆದ. ಆಮೇಲೆ ಬದುಕಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದ. ಸಂಜೆ ಏಳು ಗಂಟೆ ಹೊತ್ತಿಗೆ ನಿಮ್ಮ ತುಕಡಿ ಎಲ್ಲಿತ್ತು, ಎದುರಿಗೆ ಶತ್ರು ಹೇಗೆ ನಿಂತಿದ್ದ, ಹೊಲದಲ್ಲಿ ಯಾವ ಬೆಳೆ ಇತ್ತು ಎಂದು ಕೇಳಿದ. ಬೆಳೆ ಕೂಡ! 70 ಸಾವಿರಕ್ಕೂ ಹೆಚ್ಚು ಪುಟಾಣಿ ಲೋಹದ ಗೊಂಬೆಗಳನ್ನಿಟ್ಟು 1838ರಲ್ಲಿ ಲಂಡನ್ನಿನಲ್ಲಿ ಜನರಿಗೆ ತೋರಿಸಿದ. ಆ ಮಾದರಿ ಇವತ್ತಿಗೂ ಅಲ್ಲಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ. ಬ್ರಿಟಿಷರ ಜೊತೆ ಸೇರಿ ನೆಪೋಲಿಯನ್ನನ ವಿರುದ್ಧ ಹೋರಾಡಿದ ಪ್ರಷ್ಯಾದ ಸೈನಿಕರ ಗೊಂಬೆಗಳನ್ನು ಎಲ್ಲಿ ಇಡಬೇಕು ಎಂಬುದರ ಮೇಲೆ ದೊಡ್ಡ ತಕರಾರೇ ನಡೆಯಿತು. ಆ ಯುದ್ಧದಲ್ಲಿ ಬ್ರಿಟಿಷರ ಸೇನಾಪತಿಯಾಗಿದ್ದ ವೆಲ್ಲಿಂಗ್ಟನ್ನನಿಗೆ ಅದು ಹಿಡಿಸಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ವೆಲ್ಲೆಸ್ಲಿಯೇ ಈ ವೆಲ್ಲಿಂಗ್ಟನ್. ಗೊಂಬೆ ಇಟ್ಟ ಜಾಗಕ್ಕೆ ಇಷ್ಟು ಜಗಳ ಆಗುತ್ತದೆ ಎಂದರೆ ಅದು ಮಕ್ಕಳಾಟ ಅಲ್ಲ.

ಉಡುಪಿನ ವಿಷಯ ಹೇಳಲೇಬೇಕು. ಹೈದರನ ದಂಡಿಗೆ ನಮಗೆ ಒಳ್ಳೆಯ ಆಧಾರ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ, ಹೈದರನ ದಂಡು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ದುರ್ಗ ಬಿದ್ದದ್ದು 1779ರಲ್ಲಿ. ಒಂದೇ ವರ್ಷದ ಅಂತರ. ಸವಾರರ ಸಾಲು, ಕಾಲಾಳು, ಆನೆ, ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಅಧಿಕಾರಿ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಗಾಡಿ. ಗೊಂಬೆ ಮಾಡುವವರು ಅಲ್ಲಿಗೆ ಹೋಗಿ ಒಂದು ದಿನ ಆ ಗೋಡೆಯ ಮುಂದೆ ನಿಲ್ಲಬೇಕು. ಒಂದು ಎಚ್ಚರ ಮಾತ್ರ ಇರಲಿ. ಹುಲಿಪಟ್ಟೆಯ ಅಂಗಿ ಟಿಪ್ಪುವಿನ ಆಳ್ವಿಕೆಯದ್ದು. ಹೊರದೇಶದ ಕಂಪನಿಗಳು ಮಾಡುವ ಮೈಸೂರು ಸೈನಿಕರಿಗೆ ಆ ಅಂಗಿ ಇರುತ್ತದೆ, ನೋಡಲು ಚೆಂದ. ಅದನ್ನು ತಂದು ಓಬವ್ವನ ಕಿಂಡಿಯಲ್ಲಿ ನುಸುಳಿಸಿದರೆ ಕಾಲವೇ ತಪ್ಪಿದ ಹಾಗೆ.

ನಾಯಕರ ಕಡೆಯ ಬೇಡರ ಪಡೆಗೆ ಅಂಥ ಬಣ್ಣದ ಗೋಡೆ ಇಲ್ಲ. ಆದರೆ ನಮ್ಮ ಜಿಲ್ಲೆಯ ಊರೂರಲ್ಲಿ ವೀರಗಲ್ಲುಗಳಿವೆ. ಕೆಳಗಿನ ಹಂತದಲ್ಲಿ ಕಾಳಗ ಇರುತ್ತದೆ. ಕಚ್ಚೆ ಹೇಗೆ ಬಿಗಿದಿದ್ದಾರೆ, ತುರುಬು ಯಾವ ಕಡೆ, ಗುರಾಣಿ ಎಷ್ಟಗಲ ಎಂಬುದು ಕಲ್ಲಿನಲ್ಲೇ ಕಾಣುತ್ತದೆ. ಅವು ಬಹುಪಾಲು ನಾಯಕರಿಗಿಂತ ಹಳೆಯವು, ನಿಜ. ಹಾಗಾಗಿ ಅದನ್ನು ಹಾಗೇ ಇಳಿಸಬಾರದು, ತಿಳಿದವರ ಮುಂದಿಟ್ಟು ಕೇಳಬೇಕು. ಕೋಟೆಯ ದೇವಸ್ಥಾನಗಳ ಕಂಬಗಳಲ್ಲೂ ಹುಡುಕಬೇಕು.

ಓಬವ್ವನ ಬಗ್ಗೆ ನನ್ನದೊಂದು ಬೇಡಿಕೆ. ಆಕೆ ಕಹಳೆಯವನ ಹೆಂಡತಿ. ಗಂಡನಿಗೆ ಊಟಕ್ಕಿಟ್ಟು ನೀರಿಗೆ ಬಂದವಳು. ಆಕೆಗೆ ಕಿರೀಟದಂಥ ಆಭರಣ, ರೇಷ್ಮೆ ಸೀರೆ, ಕ್ಯಾಲೆಂಡರಿನ ದೇವಿಯ ಮುಖ ಬೇಡ. ಸೆರಗು ಸೊಂಟಕ್ಕೆ ಸಿಕ್ಕಿಸಿರಲಿ, ಮೊಣಕಾಲು ಬಾಗಿರಲಿ, ಒನಕೆ ಎರಡೂ ಕೈಯಲ್ಲಿ ಇರಲಿ. ಭತ್ತ ಕುಟ್ಟಿದ ಹೆಂಗಸಿನ ತೋಳು ಹೇಗಿರುತ್ತದೆ ಎಂದು ನಮ್ಮ ಮನೆಗಳಲ್ಲಿ ನೋಡಿದವರು ಇನ್ನೂ ಇದ್ದಾರೆ. ಅವರನ್ನೇ ಕೇಳಿ ಮಾಡಿ.

ಅಳತೆಗೆ ಎರಡು ಬೇರೆ ಬೇರೆ ಮಾದರಿ ಆಗಬೇಕು ಎಂಬುದು ನನ್ನ ಅಭಿಪ್ರಾಯ. 54 ಮಿಲಿಮೀಟರಿನ ಗೊಂಬೆಗೆ ಇಡೀ ಗುಡ್ಡ ಕಟ್ಟಲು ಹೋದರೆ ಕಟ್ಟಡವೇ ಸಾಲದು. ಆ ಅಳತೆಯಲ್ಲಿ ಕಿಂಡಿಯೊಂದನ್ನೇ ಮಾಡಲಿ. ಬಂಡೆಯ ಸಂದು, ಹೊರಬರುತ್ತಿರುವ ತಲೆ, ಕೊಡ, ಓಬವ್ವ, ಅಷ್ಟೇ. ಗುಡ್ಡ, ಸುತ್ತಿನ ಗೋಡೆಗಳು, ಹೊಂಡಗಳು, ಕೆಳಗೆ ಬೀಡುಬಿಟ್ಟ ದಂಡು ಇವೆಲ್ಲ ಸೈಬೋರ್ನನ ಹಾಗೆ ಉಗುರಿನಷ್ಟು ಎತ್ತರದ ಗೊಂಬೆಗಳಲ್ಲಿ ಬರಲಿ.

ಯಾರು ಮಾಡಬೇಕು? ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಆ ಕೈ ಇದೆ. ಹಗುರ ಮರದಲ್ಲಿ ಕೆತ್ತಿ, ಮರದ ಹೊಟ್ಟು, ಸೆಣಬಿನ ಪುಡಿ, ಹುಣಸೆಬೀಜದ ಅಂಟು ಸೇರಿಸಿ ಕಿಟ್ಟ ಮಾಡಿ ಮೈ ತುಂಬುತ್ತಾರೆ, ಮೇಲೆ ಬಣ್ಣ. ಜರ್ಮನಿಯ ಎಲಾಸ್ಟೋಲಿನ್ ಕಂಪನಿಯವರು ಮರದ ಹೊಟ್ಟು, ಅಂಟು ಕಲಸಿ ತಂತಿಯ ಮೇಲೆ ಒತ್ತಿ ಸೈನಿಕರನ್ನು ಮಾಡಿ ಲೋಕಕ್ಕೆಲ್ಲ ಮಾರಿದರು. ಸಾಮಾನು ಹೆಚ್ಚುಕಮ್ಮಿ ಒಂದೇ ಜಾತಿ. ಕಿನ್ನಾಳದವರಿಗೆ ದೇವರ ಗೊಂಬೆಯ ಜೊತೆ ಸೈನಿಕರ ಗೊಂಬೆಯ ಕೆಲಸವೂ ಸಿಗಲಿ. ಸೀಸ ಬೇಡ. ಮಕ್ಕಳು ಮುಟ್ಟುವ ಜಾಗದಲ್ಲಿ ಸೀಸ ವಿಷ. ನಾನು ನನ್ನ ಹಳೆಯ ಗೊಂಬೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ನೀರೂ ಕುಡಿಯುವುದಿಲ್ಲ.

ಸೀಸದ ಮಾತು ಬಂದದ್ದಕ್ಕೆ, ಮನೆಯಲ್ಲಿ ಇಂಥ ಹಳೆಯ ಗೊಂಬೆ ಇರುವವರಿಗೆ ಇದನ್ನೂ ಹೇಳಿಬಿಡುತ್ತೇನೆ. ಹೊಸ ಪ್ಲೈವುಡ್ ಶೋಕೇಸಿನಲ್ಲಿ ಅವನ್ನು ಇಡಬೇಡಿ. ಹೊಸ ಮರ, ಪ್ಲೈವುಡ್, ಅಂಟು ಇವುಗಳಿಂದ ಹುಳಿ ಆವಿ ಬರುತ್ತಿರುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದು ಸೀಸವನ್ನು ತಿನ್ನುತ್ತದೆ. ಮೊದಲು ಬೂದು ಬಣ್ಣ, ಆಮೇಲೆ ಬಿಳಿ ಪುಡಿ, ಕೊನೆಗೆ ಕುದುರೆಯ ಕಾಲೇ ಉದುರುತ್ತದೆ. ಸ್ಟೀಲ್ ಚೌಕಟ್ಟು, ಗಾಜು, ಸ್ವಲ್ಪ ಗಾಳಿ, ನೇರ ಬಿಸಿಲಿಲ್ಲದ ಜಾಗ. ನಮ್ಮ ದುರ್ಗದ ಒಣ ಹವೆ ಇದಕ್ಕೆ ಒಳ್ಳೆಯದು.

ಮತ್ತೆ, ದಯವಿಟ್ಟು ಬಣ್ಣ ಹಚ್ಚಬೇಡಿ. ಒಂದು ದಸರೆಯಲ್ಲಿ ದಾವಣಗೆರೆಯ ಒಂದು ಮನೆಗೆ ಗೊಂಬೆ ನೋಡಲು ಹೋಗಿದ್ದೆ. ಪಟ್ಟದ ಗೊಂಬೆಯ ಮುಂದೆ ಹಳೆಯ ಸೀಸದ ಬ್ಯಾಂಡಿನವರು ಸಾಲಾಗಿ ನಿಂತಿದ್ದರು. ಅಜ್ಜನ ಕಾಲದವು. ಹಬ್ಬಕ್ಕೆ ಹೊಳೆಯಲಿ ಎಂದು ಎಲ್ಲರಿಗೂ ಹೊಸ ಆಯಿಲ್ ಪೇಂಟ್ ಬಳಿದಿದ್ದರು. ಕಣ್ಣಿಲ್ಲ, ಮೀಸೆಯಿಲ್ಲ, ಗುಂಡಿಗಳ ಗೆರೆಯಿಲ್ಲ, ದಪ್ಪ ಕೆಂಪು ಮಾತ್ರ. ಮನೆಯವರು ಪ್ರೀತಿಯಿಂದಲೇ ಮಾಡಿದ್ದರು. ನನಗೆ ಮಾತ್ರ ಅವತ್ತು ಕೊಟ್ಟ ಚುರುಮುರಿ ಗಂಟಲಲ್ಲಿ ಇಳಿಯಲಿಲ್ಲ. ಬಣ್ಣ ಚಕ್ಕೆ ಎದ್ದಿದ್ದರೂ ಹಾಗೇ ಬಿಡಿ. ಮೆತ್ತನೆಯ ಒಣ ಬ್ರಷ್ಷಿನಲ್ಲಿ ಧೂಳು ಒರೆಸಿ, ಸಾಕು. ಬೇಡವಾದರೆ ಗುಜರಿಗೆ ಹಾಕಬೇಡಿ, ಅಲ್ಲಿ ಕರಗಿಸುವುದು ಗ್ಯಾರಂಟಿ. ಇಟ್ಟುಕೊಳ್ಳುವವರಿಗೆ ಕೊಡಿ.

ವಸ್ತುಸಂಗ್ರಹಾಲಯದವರು ಒಪ್ಪಿದರೆ ನನ್ನ ಸೀಸದ ಸೈನಿಕರನ್ನು ಗಾಜಿನ ಪೆಟ್ಟಿಗೆ ಸಮೇತ ಪ್ರದರ್ಶನಕ್ಕೆ ಕೊಡುತ್ತೇನೆ, ಈ ಕಲೆ ಎಲ್ಲಿಂದ ಬಂತು ಎಂದು ಜನ ನೋಡಲಿ. ಕಿನ್ನಾಳದಿಂದ ಗೊಂಬೆ ಬಂದರೆ ಮುಖಗಳಿಗೆ ಕಣ್ಣು, ಮೀಸೆ ಬರೆಯುವ ಕೆಲಸ ನಾನು ಕೂಲಿಯಿಲ್ಲದೆ ಮಾಡುತ್ತೇನೆ. ಇಲ್ಲಿನ ಕಾಲೇಜುಗಳ ಇತಿಹಾಸದ ಮೇಷ್ಟ್ರುಗಳು, ನಾಯಕ ಸಮುದಾಯದ ಮತ್ತು ಓಬವ್ವನ ಛಲವಾದಿ ಸಮುದಾಯದ ಹಿರಿಯರು, ಕೋಟೆಯ ಗೈಡುಗಳು ಜಯಂತಿಗೆ ಮುಂಚೆ ಒಂದು ಸಲ ಒಟ್ಟಿಗೆ ಕೂರಲಿ. ಯಾವ ಜಾಗ, ಯಾವ ಉಡುಪು, ಎಷ್ಟು ಗೊಂಬೆ ಎಂದು ಬರೆದುಕೊಳ್ಳಲಿ. ಆ ಸಭೆಯ ದಿನ ಗೊತ್ತಾದರೆ ನಿಮ್ಮ ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಬೋರ್ಡ್ ಬರಹಗಾರ, ಸಂತೆಪೇಟೆ, ಚಿತ್ರದುರ್ಗ