ಡಯಾಲಿಸಿಸ್ ಯಂತ್ರ ಬಂತು, ಒಳಗಿನ ಪ್ಲಾಸ್ಟಿಕ್ಕಿನ ಕಥೆ?

ಮಾನ್ಯ ಸಂಪಾದಕರೇ,

ನಮ್ಮ ಭಾಗದ ತಾಲ್ಲೂಕು ಆಸ್ಪತ್ರೆಗಳಿಗೆ ಇನ್ನಷ್ಟು ಡಯಾಲಿಸಿಸ್ ಯಂತ್ರ ಕೊಡಿ ಅಂತ ಓದುಗರು ಬರೆಯುತ್ತಲೇ ಇರುತ್ತಾರೆ. ಕೇಳಲೇಬೇಕಾದ ಮಾತು. ಆದರೆ ಯಂತ್ರದ ಪಕ್ಕ ಸಿಕ್ಕಿಸುವ, ರಕ್ತ ಸೋಸುವ ಆ ಗೇಣುದ್ದದ ಫಿಲ್ಟರ್ ಬಗ್ಗೆ ಯಾರೂ ಮಾತಾಡುವುದಿಲ್ಲ.

ಡಯಾಲಿಸಿಸ್‌ಗೆ ಭಾವನ ಜೊತೆ ಹೋಗಿ ಕೂರುವ ನನಗೆ ದಿನಾ ಕಾಣುವುದು ಅದೇ. ಒಳಗೆ ಕೂದಲಿನಷ್ಟು ಸಣ್ಣ ಸಾವಿರಾರು ನಳಿಕೆಗಳು, ಪಾಲಿಸಲ್ಫೋನ್ ಅನ್ನುವ ಪ್ಲಾಸ್ಟಿಕ್ಕಿನವು. ಕೊನೆಗೆ ಸಲೈನ್ ಬಿಟ್ಟು ರಕ್ತವನ್ನು ಮೈಗೆ ವಾಪಸ್ ಕಳಿಸುವಾಗ ಫಿಲ್ಟರ್ ಬೆಳ್ಳಗಾಗಬೇಕು, ಆದರೆ ಕೆಲವು ಸಲ ಅಲ್ಲಲ್ಲಿ ಕಪ್ಪುಗೆಂಪು ಗೆರೆ ಹಾಗೇ ಉಳಿಯುತ್ತದೆ. ಹೆಪ್ಪುಗಟ್ಟಿದ ರಕ್ತ ಅದು. ಹಾಗಾಗದಿರಲಿ ಅಂತಲೇ ಹೆಪಾರಿನ್ ಕೊಡುವುದು. ಅದು ಕೊಟ್ಟರೆ ಸೂಜಿ ತೆಗೆದ ಮೇಲೆ ರಕ್ತ ಬೇಗ ನಿಲ್ಲುವುದಿಲ್ಲ, ಹತ್ತಿ ಒತ್ತಿ ಹಿಡಿದು ಸುಮ್ನೆ ಕೂತಿರಬೇಕು.

ತಪ್ಪು ನರ್ಸ್‌ಗಳದ್ದಲ್ಲ. ರಕ್ತ ಪ್ಲಾಸ್ಟಿಕ್ಕಿಗೆ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಅದರೊಳಗಿನ ಪ್ರೋಟೀನುಗಳು ಹೋಗಿ ಅಂಟಿಕೊಳ್ಳುತ್ತವೆ, ಅದರಲ್ಲೂ ಫೈಬ್ರಿನೋಜೆನ್ ಎಂಬ ಪ್ರೋಟೀನು ಅಂಟಿ ಆಕಾರ ಬದಲಿಸಿತೆಂದರೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಗಾಯವಾಗಿದೆ ಅಂದುಕೊಂಡು ಓಡಿ ಬರುತ್ತವೆ. ಪ್ಲಾಸ್ಟಿಕ್ಕಿನ ಮೇಲ್ಮೈ ಬದಲಾಯಿಸುವುದೇ ಇದಕ್ಕೆ ಮದ್ದು. ಜಪಾನಿನವರು ಎಂಪಿಸಿ ಎಂಬ ಪಾಲಿಮರ್ (ಪ್ಲಾಸ್ಟಿಕ್ಕಿನ ಜಾತಿಯ ವಸ್ತು) ಮಾಡಿದ್ದಾರೆ. ನಮ್ಮ ಜೀವಕೋಶದ ಹೊರಪದರದಲ್ಲಿರುವ ಫಾಸ್ಫೊರಿಲ್‌ಕೋಲಿನ್ ಎಂಬ ರಾಸಾಯನಿಕ ಅದರಲ್ಲೂ ಇದೆ, ನೀರನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಪ್ರೋಟೀನು ಅಂಟುವುದು ಬಹಳ ಕಡಿಮೆ.

ಇದೆಲ್ಲ ನಮ್ಮಿಂದ ಆಗುವ ಕೆಲಸವೇ ಅನ್ನುವವರು ತಿರುವನಂತಪುರದ ಶ್ರೀಚಿತ್ರಾ ವೈದ್ಯಕೀಯ ಸಂಶೋಧನಾ ಸಂಸ್ಥೆ ನೋಡಲಿ. ರಕ್ತದ ಚೀಲದ ತಂತ್ರಜ್ಞಾನ ಅಲ್ಲೇ ಬೆಳೆಯಿತು. ಹೃದಯ ಶಸ್ತ್ರಚಿಕಿತ್ಸಕ ಡಾ. ವಲಿಯತ್ತಾನ್ ಮುಂದಾಳತ್ವದಲ್ಲಿ ಮಾಡಿದ ಹೃದಯದ ಕವಾಟವನ್ನು 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದರು. ಅದರ ತಿರುಗುವ ಬಿಲ್ಲೆ ಪಾಲಿಎಥಿಲೀನ್‌ನದು, ಅಂದರೆ ಪ್ಲಾಸ್ಟಿಕ್ಕೇ! ಅಂಥ ಕವಾಟ ಹಾಕಿಸಿಕೊಂಡವರು ಈಗಲೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಲೇ ಇರಬೇಕು ಅನ್ನುವುದೂ ನಿಜ. ಅಂದರೆ ಕೆಲಸ ಇನ್ನೂ ಬಾಕಿ ಇದೆ ಅಲ್ವಾ?

ಬಳ್ಳಾರಿಯಲ್ಲಿ ವಿಶ್ವವಿದ್ಯಾಲಯ ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಕೆಮಿಸ್ಟ್ರಿ ಓದಿದ ನಮ್ಮ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರು, ಹೈದರಾಬಾದ್ ಬಸ್ಸು ಹತ್ತುತ್ತಾರೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಗೆ ಹಣ ಬರುತ್ತಿದೆ, ಕಟ್ಟಡ ರಸ್ತೆ ಆಗುತ್ತಿವೆ, ಬೇಡ ಅನ್ನುವುದಿಲ್ಲ. ಅದರಲ್ಲಿ ಒಂದು ಸಣ್ಣ ಪಾಲು ತೆಗೆದಿಟ್ಟು, ಶ್ರೀಚಿತ್ರಾದವರನ್ನು ಜೊತೆಗೆ ಕರೆದುಕೊಂಡು, ಇಲ್ಲೇ ಒಂದು ಪಾಲಿಮರ್ ಲ್ಯಾಬ್ ಶುರು ಮಾಡಲಿ. ಫಲ ಕಾಣಲು ಹತ್ತು ವರ್ಷ ಹಿಡಿದರೂ ಹಿಡಿಯಲಿ. ನಮ್ಮ ಶಾಸಕರು ಮಂಡಳಿಯ ಮುಂದಿನ ಸಭೆಯಲ್ಲಿ ಇದನ್ನು ಎತ್ತುತ್ತಾರಾ?

– ಒಬ್ಬ ಓದುಗ, ಸಿಂಧನೂರು, ರಾಯಚೂರು ಜಿಲ್ಲೆ