ಗಂಜಿಯ ಹದ ಹೇಳಿದ ಅಪ್ಪನಿಗೆ, ಮತ್ತೆ ಇನ್ನೂ ಕೆಲವರಿಗೆ

ಮೊನ್ನೆ ಧಾರವಾಡದಲ್ಲಿ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಈ ಬರಹ.

ಇಷ್ಟು ವರ್ಷ ಏನು ಮಾಡಿದೆ ಅಂತ ಬಹಳ ಜನ ಕೇಳಿದಿರಿ. ಲಿಥಿಯಂ-ಅಯಾನ್ ಬ್ಯಾಟರಿಯ ಪ್ಲಸ್ ಬದಿಗೂ ಮೈನಸ್ ಬದಿಗೂ ನಡುವೆ ಒಂದು ಹಾಳೆ ಇರುತ್ತದೆ. ಸೆಪರೇಟರ್ ಅಂತಾರೆ. ಹೆಚ್ಚಾಗಿ ಪಾಲಿಥಿನ್‌ದು, ದಪ್ಪ 20 ಮೈಕ್ರಾನ್ ಆಸುಪಾಸು, ತಲೆಗೂದಲಿಗಿಂತ ತೆಳು. ಲಿಥಿಯಂ ಅಯಾನುಗಳು ಅದರ ಸಣ್ಣ ರಂಧ್ರಗಳ ಮೂಲಕವೇ ಆಚೀಚೆ ಓಡಾಡೋದು. ಬಿಸಿ 135 ಡಿಗ್ರಿ ಹತ್ತಿರ ಹೋದರೆ ಆ ರಂಧ್ರಗಳು ಮುಚ್ಚಿಕೊಂಡು ಓಡಾಟ ನಿಲ್ಲುತ್ತದೆ. ಅಷ್ಟಕ್ಕೇ ನಿಂತರೆ ಒಳ್ಳೇದೇ. ಆದರೆ ಹಾಳೆ ಮುದುಡಿ ಎರಡು ಬದಿ ತಾಗಿದರೆ ಶಾರ್ಟ್, ಆಮೇಲೆ ಬೆಂಕಿ. ಅದಕ್ಕೆ ಹಾಳೆಗೆ ಅಲ್ಯೂಮಿನಾ ಅನ್ನೋ, ಅಷ್ಟು ಬಿಸಿಗೆ ಜಗ್ಗದ ಬಿಳಿ ಪುಡಿ ಲೇಪಿಸುತ್ತಾರೆ. ಇದೇನು ನನ್ನ ಐಡಿಯಾ ಅಲ್ಲ, ಕಂಪನಿಗಳು ಎಷ್ಟೋ ವರ್ಷದಿಂದ ಮಾಡುತ್ತಿವೆ. ನನ್ನ ಪಾಲಿಗೆ ಬಂದದ್ದು ಆ ಪುಡಿಯ ಅಂಟು.

ಆ ಅಂಟು ನನ್ನನ್ನು ಎರಡು ವರ್ಷ ಅಳಿಸಿತು. ಪುಡಿ, ಅಂಟು ಎರಡನ್ನೂ ನೀರಲ್ಲಿ ಕಲಸಿದ ಸ್ಲರಿ ಪಾಲಿಥಿನ್ ಮೇಲೆ ಹನಿಹನಿಯಾಗಿ ನಿಲ್ಲುತ್ತಿತ್ತು. ಸ್ವಲ್ಪ ಆಲ್ಕೋಹಾಲ್ ಬೆರೆಸಿದೆ, ಹರಡಿತು. ಒಣಗಿದ ಮೇಲೆ ಬಗ್ಗಿಸಿದರೆ ಹಳೇ ಗೋಡೆಯ ಸುಣ್ಣದ ಹಾಗೆ ಉದುರಿತು. ಅಂಟು ಜಾಸ್ತಿ ಮಾಡಿದರೆ ರಂಧ್ರಗಳೇ ಕಟ್ಟಿಕೊಂಡವು.

ದಸರೆಗೆ ಬೆಟಗೇರಿಗೆ ಹೋದಾಗ ಅಪ್ಪನ ಮುಂದೆ ಗೋಳು ಹೇಳಿಕೊಂಡೆ. ಅಪ್ಪ ಮಗ್ಗದವರು, ಹಾಸಿನ ನೂಲಿಗೆ ಗಂಜಿ ಹಾಕಿಯೇ ಕೈ ಪಳಗಿದವರು. "ಗಂಜಿ ಜಾಸ್ತಿ ಆದ್ರ ನೂಲು ಕಟ್ಟಿಗಿ ಆಗ್ತದ, ಕಮ್ಮಿ ಆದ್ರ ಎಳಿ ಏಳ್ತದ. ಒಮ್ಮೆಲೆ ದಪ್ಪ ಬಳೀಬ್ಯಾಡವಾ. ತೆಳ್ಳಗ ಹಚ್ಚು, ಒಣಗಲಿ, ಮತ್ತ ಹಚ್ಚು" ಅಂದರು. ಸುಮ್ನೆ ತಲೆಯಾಡಿಸಿ ಬಂದೆ. ಬೇರೇನೂ ಹೊಳೆಯದಿದ್ದಾಗ ಅದನ್ನೇ ಮಾಡಿದೆ. ಅಂಟು ಕಮ್ಮಿ, ತೆಳು ಪದರ ಎರಡು. 140 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಓವನ್ ತೆಗೆದೆ. ಪಕ್ಕದಲ್ಲಿಟ್ಟ ಬರೀ ಹಾಳೆ, ಒಲೆಗೆ ತಾಗಿದ ಹಾಲಿನ ಪಾಕೀಟಿನ ಹಾಗೆ ಸುರುಟಿ, ಗಾಜಿನಂತಾಗಿತ್ತು. ನಮ್ಮದು ಬೆಳ್ಳಗೆ ಚಪ್ಪಟೆಯಾಗಿ ಮಲಗಿತ್ತು.

ಕೆಟ್ಟ ಸ್ಯಾಂಪಲ್‌ಗಳನ್ನೂ ಥೀಸಿಸ್‌ಗೆ ಹಾಕು ಅಂದ ನನ್ನ ಗೈಡ್ ಸರ್‌ಗೆ ಋಣಿ. ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋದಾಗ ಮನೆಯಿಂದ ಎದ್ದು ಬಂದು ಜನರೇಟರ್ ಹಾಕಿಕೊಟ್ಟ ಲ್ಯಾಬಿನ ಅಣ್ಣನಿಗೆ ಏನು ಹೇಳಿದರೂ ಕಮ್ಮಿಯೇ. ಹಾಸ್ಟೆಲ್ ಗೆಳತಿಯರೇ, ನಿಮ್ಮ ರೊಟ್ಟಿ ಬುತ್ತಿ ತಿಂದೇ ಬರೆದದ್ದು ನಾಲ್ಕನೇ ಅಧ್ಯಾಯ.

ಆ ಹಾಳೆಯ ಫೋಟೋ ಮೊದಲು ಕಳಿಸಿದ್ದು ಅಪ್ಪನಿಗೆ. ದೊಡ್ಡದು ಮಾಡಿ ನೋಡಿ ಫೋನ್ ಮಾಡಿದರು: "ಬಲಗಡಿ ಅಂಚಿನ್ಯಾಗ ಗಂಜಿ ಸರಿ ಕುಂತಿಲ್ಲ ನೋಡವಾ."

ಹೌದು, ಕುಂತಿರಲಿಲ್ಲ.