ಆಸ್ಪತ್ರೆಗೂ ಬರಲಿ ಹಸೆ ಚಿತ್ತಾರ

ಮಾನ್ಯ ಸಂಪಾದಕರೇ,

ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಹಾಡು, ಚಿತ್ರ ಕಲಿಸುವ ನಮ್ಮ ಭಾಗದ ಕಲಾ ತಂಡಗಳಿಗೆ ಸ್ವಯಂಸೇವಕರೇ ಸಿಗುತ್ತಿಲ್ಲ. ನಾನು ಅಂಥದ್ದೇ ಒಂದು ತಂಡದ ಜೊತೆ ಸಾಗರದ ಸುತ್ತಮುತ್ತ ಓಡಾಡುತ್ತೇನೆ. ಪಾರ್ಶ್ವವಾಯುವಿನಿಂದ ಬಲಗೈ ಸೋತ ಅಜ್ಜಿಯೊಬ್ಬರು ಮಾತೇ ಬಿಟ್ಟಿದ್ದರು. ಅವರ ಎಡಗೈಗೆ ಪುಂಡಿ ನಾರಿನ ಕುಂಚ ಕೊಟ್ಟೆವು. ಅಕ್ಕಿ ಹಿಟ್ಟಿನಲ್ಲಿ ಅದ್ದಿ, ಕೆಮ್ಮಣ್ಣು ಬಳಿದ ಹಲಗೆ ಮೇಲೆ, ನಮ್ಮ ಮಲೆನಾಡಿನ ದೀವರ ಸಮುದಾಯದ ಸಾಂಪ್ರದಾಯಿಕ ಚಿತ್ರಕಲೆಯಾದ ಹಸೆ ಚಿತ್ತಾರದ ಗೆರೆ ಎಳೆದರು. ಗೆರೆ ಸೊಟ್ಟಗಾದಾಗ, ‘ಹಲಗೆ ಗಟ್ಟಿ ಹಿಡ್ಕೊ ತಂಗಿ’ ಎಂದು ಗದರಿದರು. ಎಷ್ಟು ಖುಷಿಯಾಯಿತು ಗೊತ್ತೇ!

ಮಾತ್ರೆ, ಚಿಕಿತ್ಸೆ ಬೇಕೇ ಬೇಕು. ಅದರ ಜೊತೆಗೆ ಕಲೆಯೂ ನೆರವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ 2019ರಲ್ಲೇ ಹೇಳಿದೆ. ಬರುವವರು ದೊಡ್ಡ ಕಲಾವಿದರಾಗಬೇಕಿಲ್ಲ, ಪಕ್ಕದಲ್ಲಿ ಕೂರುವ ತಾಳ್ಮೆ ಇದ್ದರೆ ಸಾಕು. ಆದರೆ ಸುಮ್ನೆ ಫೋಟೊ ತೆಗೆಸಿಕೊಂಡು ಹೋದರೆ ಉಪಯೋಗವಿಲ್ಲ. ರೋಗಿಗಳು ಮುಂದಿನ ವಾರವೂ ದಾರಿ ಕಾಯುತ್ತಾರೆ ಅಲ್ವಾ?

ಶಿವಮೊಗ್ಗ ಜಿಲ್ಲೆಯ ಕಾಲೇಜುಗಳು ಎನ್‌ಎಸ್‌ಎಸ್ ಸೇವೆಯಲ್ಲಿ ಇದನ್ನೂ ಸೇರಿಸಲಿ. ಆಸ್ಪತ್ರೆಗಳು ವಾರಕ್ಕೊಮ್ಮೆ ಒಂದು ಕೋಣೆ ಬಿಟ್ಟುಕೊಡಲಿ. ಹಸೆ ಚಿತ್ತಾರ ಬಲ್ಲ ದೀವರ ಹೆಣ್ಣುಮಕ್ಕಳನ್ನು ಗೌರವಧನ ಕೊಟ್ಟೇ ಕಲಿಸಲು ಕರೆಯಲಿ.

– ಓದುಗರೊಬ್ಬರು, ಸಾಗರ